ಇಂಟರ್‌ವಲ್ ಇಲ್ಲದ ಸಿನಿಮಾ

ನಮ್ಮ ಕನ್ನಡ ಸಂಘದವರು ಎಂಥ ಸಿನಿಮಾಕ್ಕೂ ಇಂಟರ್‌ವಲ್ ಕೊಡುತ್ತಿದ್ದರು. ಸಿನಿಮಾದಲ್ಲೇ ಇಂಟರ್‌ವಲ್ ಇಲ್ಲದಿದ್ದರೆ ಕಾರ್ಯದರ್ಶಿಗಳು ಗಡಿಯಾರ ನೋಡಿ, ದೀಪ ಹಾಕಿ, ವಿಸಿಆರ್ ನಿಲ್ಲಿಸುತ್ತಿದ್ದರು. ಆಮೇಲೆ ಬಿಸಿಬೇಳೆಬಾತು, ಕಾಫಿ, ಮತ್ತು ಯಾರ ಕಂಪನಿ ಯಾವಾಗ ಷೇರು ಬಿಡುತ್ತದೆ ಎಂಬ ಚರ್ಚೆ. ಡಾಟ್‌ಕಾಮ್ ಕಾಲ; ಆ ಚರ್ಚೆಗೆ ಕೊನೆಯೇ ಇರಲಿಲ್ಲ.

ನಾನು ಗಂಡನ ವೀಸಾದ ಬಾಲ ಹಿಡಿದು ಅಮೆರಿಕಕ್ಕೆ ಬಂದವಳು, ಕೆಲಸ ಮಾಡುವ ಹಾಗಿರಲಿಲ್ಲ. ಅವರು ಮೌಂಟನ್ ವ್ಯೂ ಆಫೀಸಿಗೆ ಹೊರಟ ಮೇಲೆ ಯೂನಿಯನ್ ಸಿಟಿಯಲ್ಲಿ ರೈಲು ಹತ್ತಿ ಬರ್ಕ್ಲಿಗೆ ಹೋಗುತ್ತಿದ್ದೆ. ಅಲ್ಲಿನ ಯೂನಿವರ್ಸಿಟಿಯಲ್ಲಿ ಮಧ್ಯಾಹ್ನದ ಹೊತ್ತು ಗ್ರೀಸಿನ, ಆಫ್ರಿಕಾದ ಹಳೆಯ ಸಿನಿಮಾ ಹಾಕುತ್ತಿದ್ದರು. ಗ್ರೀಸಿನ ಮುದುಕ ಕೋಟಿನ ಗುಂಡಿ ಹಾಕಿಕೊಳ್ಳುವವರೆಗೂ ಕ್ಯಾಮೆರಾ ಕಾಯುತ್ತಿತ್ತು. ಆಫ್ರಿಕಾದ ಹೆಂಗಸರು ಧಾನ್ಯ ಕುಟ್ಟಲು ಕೂತರೆ ಕುಟ್ಟಿ ಮುಗಿಯುವವರೆಗೂ ನಾವು ಅಲ್ಲೇ. ಯಾರ ಎದುರಿಗೂ ಒಂದು ಮಾತನ್ನು ಪೂರ್ತಿ ಆಡಿ ಮುಗಿಸಲು ನನಗೆ ಆಗುತ್ತಿರಲಿಲ್ಲ. ಅದಕ್ಕೇ ಆ ಸಿನಿಮಾಗಳನ್ನು ಅಷ್ಟು ಹಚ್ಚಿಕೊಂಡೆ.

ಒಂದು ಭಾನುವಾರ ಸಂಘದ ಕನ್ನಡ ಕ್ಯಾಸೆಟ್ಟು ಕೈಕೊಟ್ಟಿತು. ನಾನು ಬಾಡಿಗೆಗೆ ತಂದಿದ್ದ ಆಫ್ರಿಕಾದ ಸಿನಿಮಾ ಹಾಕೋಣ ಎಂದೆ. ಬೇರೆ ಗತಿಯಿಲ್ಲದೆ ಒಪ್ಪಿದರು. "ಆದ್ರೆ ಇಂಟರ್‌ವಲ್ ಬೇಡ" ಎಂದೆ. ಕಾರ್ಯದರ್ಶಿಗಳು ನಕ್ಕರು. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಸಿನಿಮಾದಲ್ಲಿ ಊರ ಹಿರಿಯರು ಒಬ್ಬ ವಿಧವೆಗೆ ಮನೆ ಬಿಡು ಎನ್ನುತ್ತಾರೆ. ಅವಳು ಬಾವಿಗೆ ಹೋಗಿ, ನೀರು ಹೊತ್ತು, ಅದೇ ಮನೆಗೆ ವಾಪಸು ಹೊರಡುತ್ತಾಳೆ. ಮಾತಿಲ್ಲ, ಹಾಡಿಲ್ಲ, ಬರೀ ನಡಿಗೆ. ನೋಡುತ್ತಿದ್ದವರ ಷೇರಿನ ಪಿಸುಮಾತೂ ನಿಂತಿತ್ತು. ಆಗಲೇ ದೀಪ ಹತ್ತಿತು.

ನಾನು ಎದ್ದು ಹೋಗಿ ವಿಸಿಆರ್‌ಗೆ ಅಡ್ಡ ನಿಂತೆ.

"ಮೇಡಮ್, ಬಾತು ತಣ್ಣಗಾಗತ್ತೆ. ಹತ್ತೇ ನಿಮಿಷ" ಎಂದರು ಕಾರ್ಯದರ್ಶಿಗಳು.

"ಅವಳು ಇನ್ನೂ ದಾರೀಲಿದಾಳೆ ಸಾರ್. ತಲೆ ಮೇಲೆ ಕೊಡ ಇದೆ. ಮನೆ ಸೇರ್ಲಿ."

"ಅಯ್ಯೋ, ಅದು ಸಿನಿಮಾ ರೀ!"

"ಗೊತ್ತು. ನಿಲ್ಸಲ್ಲ."

ಗಂಡ ಬಂದು ಮೊಣಕೈ ಹಿಡಿದು, "ಬಿಡೇ, ಎಲ್ರೂ ನೋಡ್ತಿದಾರೆ" ಎಂದರು. "ನೋಡ್ಲಿ" ಎಂದೆ.

ಕಾರ್ಯದರ್ಶಿಗಳು ದೀಪ ಆರಿಸದೆ ಪಾತ್ರೆಗಳ ಮುಚ್ಚಳ ತೆಗೆಸಿದರು. ತುಪ್ಪದ ಘಮಕ್ಕೆ ಅರ್ಧ ಜನ ಎದ್ದು ಹೋದರು. ಆ ಬೆಳಕಿನಲ್ಲಿ ತೆರೆ ಮಂಕಾಗಿತ್ತು, ಆದರೂ ಅವಳು ಮನೆ ಸೇರಿ, ಕೊಡ ಇಳಿಸಿ, ಹೊಸ್ತಿಲ ಮೇಲೆ ಕೂತದ್ದು ಕಂಡಿತು. ಉಳಿದ ಕೆಲವರು ಹಸಿದುಕೊಂಡೇ ಕೊನೆಯವರೆಗೂ ನೋಡಿದೆವು. ಸುಳ್ಳೇಕೆ, ನನಗೆ ಖುಷಿಯಾಗುತ್ತಿತ್ತು.

ಕ್ಯಾಸೆಟ್ಟು ತೆಗೆಯುವಾಗ ಕಾರ್ಯದರ್ಶಿಗಳು ಬಂದು, "ಇನ್ಮೇಲೆ ಸಂಘದಲ್ಲಿ ನಿಮ್ಮ ಸಿನಿಮಾ ಬೇಡ. ಬೇಜಾರು ಮಾಡ್ಕೋಬೇಡಿ" ಎಂದರು.

"ಬೇಜಾರೇನಿಲ್ಲ ಸಾರ್. ಮುಂದಿನ ಭಾನುವಾರ ನಮ್ಮ ಅಪಾರ್ಟ್‌ಮೆಂಟಲ್ಲಿ ಗ್ರೀಸಿನ್ದು ಹಾಕ್ತಿದೀನಿ. ಇದಕ್ಕಿಂತ ಉದ್ದ ಇದೆ. ಊಟ ಮಾಡ್ಕೊಂಡೇ ಬನ್ನಿ."