ಪೆನ್ಸಿಲಿನಲ್ಲಿ ಬರೆದ ಹೆಸರು

ಆ ಸಂಜೆ ನಾನು ಹಂಪಿಗೆ ಫೋನ್ ಮಾಡಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತದ್ದು ನೆನಪಿದೆ. ಆದರೆ ಅಂಥ ಸಂಜೆಗಳು ಎಷ್ಟೋ ಇದ್ದವು. ಬೇರೆ ಯಾವುದನ್ನೋ ತಂದು ಇಲ್ಲಿ ಕೂರಿಸಿಕೊಂಡಿರಬಹುದು.

ಹೊಸಪೇಟೆಯಲ್ಲಿ ನಾನು ಮತ್ತು ಕಂಪ್ಲಿಯ ಗೆಳೆಯ ಟೈರ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ವೆಬ್‌ಸೈಟ್ ನಡೆಸುತ್ತಿದ್ದೆವು. ಹಂಪಿ ಬಜಾರಿನ ಕೋಣೆಗಳನ್ನು ವಿದೇಶದವರು ಅದರಲ್ಲಿ ಮೊದಲೇ ಬುಕ್ ಮಾಡಬಹುದಿತ್ತು. ಬಜಾರಿನ ಮನೆಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಗಾಗಿ ದಿನಾ ಸಂಜೆ ನಾನು ಫೋನ್ ಮಾಡಿ ಮರುದಿನ ಬರುವವರ ಹೆಸರು ಹೇಳಬೇಕು. ಕೆಳಗೆ ಅದಿರಿನ ಲಾರಿಗಳು ಹಾಯುವಾಗ ಅಕ್ಷರ ಅಕ್ಷರ ಬಿಡಿಸಿ ಕೂಗುತ್ತಿದ್ದೆ.

ನಮ್ಮನ್ನು ಮೊದಲು ನಂಬಿದವರು ಮೂರು ಕೋಣೆ ಬಾಡಿಗೆಗೆ ಕೊಡುತ್ತಿದ್ದ ಒಬ್ಬ ಅಕ್ಕ. ಕೋಣೆ ಖಾಲಿ ಇರುವಾಗ, ಬ್ಯಾಗು ಹೊತ್ತು ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸುವುದು ಅವರಿಗೆ ಪಾಪ. ಕಣ್ಣಿಗೆ ಕಾಣದವರಿಗಾಗಿ ಬೀಗ ಹಾಕಿಡಿ ಎಂದು ಒಪ್ಪಿಸಲು ನಾಲ್ಕು ಸಲ ಹೋಗಬೇಕಾಯಿತು. ಕೊನೆಗೆ ಅವರೇ ದಾರಿ ಹುಡುಕಿಕೊಂಡರು: ಫೋನ್ ಬಂದರೆ ರಿಜಿಸ್ಟರಿನಲ್ಲಿ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುವುದು, ಅತಿಥಿ ಬಂದ ಮೇಲೆ ಅದರ ಮೇಲೆಯೇ ಪೆನ್ನಿನಲ್ಲಿ ತಿದ್ದುವುದು.

ಗೆಳೆಯನಿಗೆ ಸಂಡೂರಿನ ಹತ್ತಿರದ ಯಶವಂತನಗರದ ಗಣಿಯೊಂದರ ವೇಬ್ರಿಡ್ಜಿನಲ್ಲಿ, ಲಾರಿ ತೂಕ ಮಾಡುವ ಕೆಲಸ ಸಿಕ್ಕಿತ್ತು. ಈ ಚಳಿಗಾಲ ಸೈಟು ಕೈಹಿಡಿದರೆ ಉಳಿಯುತ್ತೇನೆ, ಇಲ್ಲವಾದರೆ ಹೊರಟೆ ಎಂದಿದ್ದ.

ಚಳಿಗಾಲದ ನಡುವೆ ನಮ್ಮ ಮೂಲಕ ಬಂದ ಗಂಡ ಹೆಂಡತಿಗೆ ಕೋಣೆ ಸಿಗಲಿಲ್ಲ. ಅಕ್ಕ ಅದನ್ನು ಬೇರೆಯವರಿಗೆ ಕೊಟ್ಟಿದ್ದರು. ದಂಪತಿ ಬಜಾರಿನ ಕಲ್ಲುಮಂಟಪದಲ್ಲಿ ಬ್ಯಾಗುಗಳ ಮೇಲೆ ಕುಳಿತು ಕಾದರಂತೆ. ಆಮೇಲೆ ಪ್ರವಾಸಿಗರು ಓದುವ ಕಡೆಯೆಲ್ಲ ನಮ್ಮನ್ನು ಮೋಸಗಾರರೆಂದು ಬರೆದರು. ಬುಕಿಂಗ್ ನಿಂತೇ ಹೋಯಿತು.

ನಾನು ಅಕ್ಕನ ಮೇಲೆ ಜಗಳಕ್ಕೆ ಹೋದೆ.

“ಫೋನ್ ಬಂದಿದ್ರ ಬರದಿರ್ತಿದ್ದೆ, ತಮ್ಮಾ,” ಎಂದರು.

ಮಾಡಿದ್ದೆ, ನನಗೆ ಚೆನ್ನಾಗಿ ನೆನಪಿದೆ ಎಂದೆ. ಅವರು ಸೆರಗು ಸರಿಪಡಿಸಿಕೊಂಡರು.

“ಮಾಡಿರ್ಬೇಕು ಬಿಡು. ಬಾಗಲಾಗ ನಿಂತವರಿಗೆ ಇಲ್ಲ ಅನ್ನಾಕ ನನಗೂ ಬಾಯಿ ಬರಂಗಿಲ್ಲ.”

ಆ ಎರಡನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಗೆಳೆಯ ಹೊರಟ. ಅಲ್ಲೇನಿದೆ ಎಂದು ಕೇಳಿದ್ದಕ್ಕೆ, “ಲಾರಿ ಬುಕ್ ಮಾಡಿ ಬರಂಗಿಲ್ಲಲೇ. ಬರ್ತಾವ, ಅಷ್ಟ,” ಎಂದು ನಕ್ಕ. ಒಂದು ಭಾನುವಾರ ಸಂಡೂರಿನ ಬಸ್ಸು ಹಿಡಿದು ಅವನನ್ನು ನೋಡಲು ಹೋದೆ. ವೇಬ್ರಿಡ್ಜಿನ ಕಿಟಕಿಯೊಳಗಿಂದ ಕೈ ಎತ್ತಿದ; ಲಾರಿಗಳ ಸಾಲು ಮುಗಿಯಲೇ ಇಲ್ಲ. ಮಾತಾಡದೆ ಮರಳಿದೆ. ಕೋಣೆಯಲ್ಲಿ ಅವನ ಕುರ್ಚಿಯನ್ನು ವರ್ಷವಿಡೀ ಅಲ್ಲೇ ಬಿಟ್ಟಿದ್ದೆ. ಸಂಜೆಯಾದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಹೇಳಲು ಯಾರ ಹೆಸರೂ ಇರುತ್ತಿರಲಿಲ್ಲ.

ಮುಂದೆ ಕಾಲೇಜುಗಳಲ್ಲಿ ಇಂಟರ್ನೆಟ್ ಕಂಪನಿಗಳು ಯಾಕೆ ಸೋಲುತ್ತವೆ ಎಂದು ಮಾತಾಡಲು ಕರೆಯತೊಡಗಿದರು. ಪ್ರತಿ ಸಲವೂ ಅಕ್ಕನ ಕತೆ ಹೇಳಿದೆ: ಜನರ ರೂಢಿ ತಂತ್ರಜ್ಞಾನಕ್ಕೆ ಒಗ್ಗಲಿಲ್ಲ ಎಂದು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ದಂಪತಿ ಬರುವ ಹಿಂದಿನ ಸಂಜೆ ನಾನು ಸೈಟಿನ ಮುಖಪುಟದ ಬಣ್ಣ ಬದಲಿಸುತ್ತ ಕುಳಿತಿದ್ದೆ ಎಂಬುದು ಮಾತ್ರ ಆ ಕತೆಯಲ್ಲಿ ಬರುತ್ತಿರಲಿಲ್ಲ.

ಸ್ಮಾರಕಗಳನ್ನು ಉಳಿಸಲೆಂದು ಸರ್ಕಾರ ಬಜಾರಿನ ಮನೆಗಳನ್ನು ತೆರವು ಮಾಡಿಸಿದ ಎಷ್ಟೋ ದಿನಗಳ ಮೇಲೆ ಅಕ್ಕನ ಹೊಸ ಮನೆ ಹುಡುಕಿಕೊಂಡು ಹೋದೆ. ಹಳೆಯ ರಿಜಿಸ್ಟರುಗಳನ್ನು ಟ್ರಂಕಿನಿಂದ ತೆಗೆದುಕೊಟ್ಟು ಚಹಾ ಇಡಲು ಒಳಗೆ ಹೋದರು. ನಮ್ಮ ಉಳಿದ ಅತಿಥಿಗಳ ಹೆಸರುಗಳಲ್ಲಿ ಶಾಯಿಯ ಅಂಚಿನಿಂದ ಪೆನ್ಸಿಲಿನ ಗೆರೆ ಇಣುಕುತ್ತಿತ್ತು. ದಂಪತಿ ಬಂದ ದಿನದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪೆನ್ಸಿಲಿನ ಹೆಸರು ಇರಲಿಲ್ಲ. ಉಜ್ಜಿ ಅಳಿಸಿದ ಗುರುತೂ ಇರಲಿಲ್ಲ.