ಮೊಮ್ಮಗಳ ಹೊಟ್ಟೆಕಿಚ್ಚು

ನನ್ನ ಮೊಮ್ಮಗಳು ಮೊನ್ನೆ ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಟ್ಟಳು! ಈ ಸಂತೋಷವನ್ನು ನಾಲ್ಕು ಜನಕ್ಕೆ ಹೇಳದೆ ಹೇಗಿರಲಿ?

ಬೆಂಗಳೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿಕೊಂಡು ಮಗು ನಮ್ಮೂರು ಕೈಲಾಂಚಕ್ಕೆ ಬಂದಿಳಿದಾಗ ಅವಳ ಅಣ್ಣ ನನ್ನ ತೊಡೆಯ ಮೇಲೆ ಕೂತಿದ್ದ. ಬೋಳು ತಲೆಯ ಟೋಪಿ ಕಿತ್ತೆಸೆದು, ಓಡಿ ಬಂದು ಅವನನ್ನು ತಳ್ಳಿದಳು.

“ಏಳೋ, ಅದು ನನ್ ಜಾಗ! ಇಷ್ಟ್ ದಿನ ನೀನೊಬ್ನೇ ಕುಂತಿರ್ಲಿಲ್ವಾ?”

“ನೋಡಜ್ಜಿ, ಬತ್ತಿದ್ದಂಗೇ ಸುರು ಮಾಡ್ಬುಟ್ಲು!” ಎಂದ ಅವನು.

ಸೊಸೆ ಗದರಲು ಹೋದಳು. “ಬಯ್ಬೇಡ ಕಣವ್ವ, ಜಗಳ ಆಡ್ಲಿ ಬುಡು” ಎಂದೆ. ಚಿಕಿತ್ಸೆಯ ನಡುವೆ ಮನೆಗೆ ಬಂದಾಗಲೆಲ್ಲ ಹಣ್ಣು ಕೊಟ್ಟರೂ, ಬೊಂಬೆ ಕೊಟ್ಟರೂ ಅವಳು ಅಣ್ಣನ ಕಡೆಗೆ ಸರಿಸಿಬಿಡುತ್ತಿದ್ದಳು. ಎಷ್ಟು ಒಳ್ಳೆಯ ಮಗು ಎಂದು ನೋಡಲು ಬಂದವರು ಹೊಗಳುತ್ತಿದ್ದರು. ನನಗೆ ಮಾತ್ರ ಏನೂ ಬೇಡವೆನ್ನುವ ಮಗು ನಮಗೆ ಉಳಿದೀತೇ ಎಂಬ ಭಯ.

ಇನ್ನು ಎಲ್ಲರ ಜೊತೆ ಉಣ್ಣಬಹುದು ಎಂದು ಡಾಕ್ಟರು ಹೇಳಿದ್ದರು. ಅವತ್ತು ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತೆವು. ಮುದ್ದೆ ಬಡಿಸುತ್ತಲೇ ಅವಳ ಕಣ್ಣು ಅಣ್ಣನ ತಟ್ಟೆಗೆ ಹೋಯಿತು. “ಅವಂದೇ ದಪ್ಪ ಐತೆ!” ನನ್ನ ಮುದ್ದೆಯಲ್ಲಿ ಅರ್ಧ ಮುರಿದು ಅವಳಿಗಿಟ್ಟೆ. ಈಗ ಅಣ್ಣನ ಮುಖ ಊದಿಕೊಂಡಿತು. ನಾವೆಲ್ಲ ನಗುನಗುತ್ತಾ ಉಂಡೆವು.