ಜಗಲಿಯ ಮೇಲಿನ ಕಂಚಿನ ಬಿಲ್ಲೆ

ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಭಾಂಡೆ ಅಂಗಡಿ. ಹಳೆಯ ತಾಮ್ರ, ಹಿತ್ತಾಳೆ, ಕಂಚು ತಂದವರಿಗೆ ಹೊಸ ಪಾತ್ರೆ ಕೊಡುತ್ತಿದ್ದೆವು. ಹಳೆಯದು ಹಿತ್ತಲ ಕುಲುಮೆಗೆ ಹೋಗುತ್ತಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ, ನವಿಲುತೀರ್ಥದ ಅಣೆಕಟ್ಟೆಗಾಗಿ ಊರು ಬಿಟ್ಟವರು ಮನೆ ಖಾಲಿ ಮಾಡುವಾಗ, ಮುರುಕು ಕೊಡ ತಂಬಿಗೆಗಳ ಜೊತೆ ಸಿಪಾಯಿಗಳ ಪದಕಗಳೂ ಬರತೊಡಗಿದವು. ನಮ್ಮ ಕಡೆ ಜರ್ಮನ್ ಲಡಾಯಿ ಎನ್ನುವ ಮೊದಲ ಮಹಾಯುದ್ಧಕ್ಕೆ ಹೋದವರ ಪದಕಗಳು. ಅಂಚನ್ನು ಉಜ್ಜಿದರೆ ಒಬ್ಬ ಮನುಷ್ಯನ ಹೆಸರು ಕಾಣುತ್ತಿತ್ತು. ಹೆಸರಿರುವ ವಸ್ತುವನ್ನು ಬೆಂಕಿಗೆ ಹಾಕಲು ನನಗೆ ಕೈ ಏಳಲಿಲ್ಲ.

ಅಪ್ಪನಿಗೆ ಇದೆಲ್ಲ ಹುಚ್ಚಾಟ. “ಸತ್ತವರ ಬಿಲ್ಲೆ ಕೂಡಿಸಿ ಏನ ಮಾಡಾಂವ ಅದಿಯೋ? ಅಂಗಡಿ ನೋಡ ಮೊದಲ” ಎಂದು ಗೊಣಗುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಅಂಗಡಿಗೆ ರಜೆ. ಬಸ್ಸು ಹತ್ತಿ ಆ ಹೆಸರುಗಳ ಮನೆಗಳನ್ನು ಹುಡುಕುತ್ತ ಹೋಗುತ್ತಿದ್ದೆ. ಕಿತ್ತೂರಿನಲ್ಲೊಂದು ಪದಕ ಎತ್ತಿನ ಕೊರಳಲ್ಲಿ ಗೆಜ್ಜೆಗಳ ನಡುವೆ ತೂಗುತ್ತಿತ್ತು. ಸಿಟ್ಟು ಬಂದು ಆ ಮನೆಯವರ ಮೇಲೆ ರೇಗಿಬಿಟ್ಟೆ. “ಅಜ್ಜಗ ಎತ್ತಂದ್ರ ಭಾಳ ಜೀವಾ ಇತ್ತರಿ. ಅದಕ ಕಟ್ಟೇವಿ” ಎಂದ ಮೊಮ್ಮಗ. ಎತ್ತಿನ ಕೊರಳು ಸವರಿ ವಾಪಸು ಬಂದೆ.

ಈ ವಿದ್ಯೆಯಲ್ಲಿ ನನಗೆ ಗುರುವೆಂದರೆ ಮುರಗೋಡದ ಒಬ್ಬ ನಿವೃತ್ತ ಹವಾಲ್ದಾರರು. ಅಂಗೈಗಿಂತ ಅಗಲವಾದ ಒಂದು ಕಂಚಿನ ಬಿಲ್ಲೆಯ ವಿಷಯ ಹೇಳಿದವರೂ ಅವರೇ. ಅದರ ಮೇಲೆ ತ್ರಿಶೂಲ ಹಿಡಿದ, ಬ್ರಿಟಿಷರ ಗುರುತಾದ ಹೆಣ್ಣು, ಮುಂದೆ ಸಿಂಹ, ಅದರ ತಲೆಯ ಮೇಲಿನ ಚೌಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸಿಪಾಯಿಯ ಹೆಸರು. “ತಿರಗಿ ಬಂದವರಿಗೆ ಅದು ಇಲ್ಲರಿ. ಲಡಾಯಿದಾಗ ಸತ್ತವರ ಮನಿಗಷ್ಟ ಸರಕಾರ ಕಳಸತಿತ್ತು” ಎಂದಿದ್ದರು. ಸವದತ್ತಿ, ರಾಮದುರ್ಗ ಎಲ್ಲ ಸುತ್ತಿದರೂ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಉಗರಗೋಳದ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಅರವತ್ತರ ಹತ್ತಿರದವಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದನ್ನು ಬಿಚ್ಚಿ, ಹಣೆಗೆ ಒತ್ತಿಕೊಂಡು, ನನ್ನ ಮುಂದಿಟ್ಟಳು.

“ದೇವರ ಮನಿ ಜಗಲಿ ಮ್ಯಾಲಿನ ದೇವಿರಿ, ಸಾವಕಾರ್ರ. ತಿಕ್ಕಿ ತಿಕ್ಕಿ ಮಕ ಸವದೈತಿ. ಸವದ ದೇವರಿಗೆ ಪೂಜಿ ಮಾಡಬಾರದಂತ. ಇದನ್ನ ಕರಗಿಸಿ ಇದರಾಗ ಹೊಸ ದೇವಿ ಮಾಡಿಕೊಡ್ರಿ.”

ಸವೆದ ದೇವರನ್ನು ಕರಗಿಸಿ ಅದೇ ಲೋಹದಲ್ಲಿ ಹೊಸದು ಎರೆಯುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಆದರೆ ಕುಂಕುಮ, ಎಣ್ಣೆ ಮೆತ್ತಿ ಕಪ್ಪಾದ ಆ ದುಂಡನೆಯ ಬಿಲ್ಲೆಯಲ್ಲಿ ತ್ರಿಶೂಲವಿತ್ತು, ಸಿಂಹವಿತ್ತು. ಸುಳ್ಳೇಕೆ ಹೇಳಲಿ, ಮೊದಲು ಆದದ್ದು ಖುಷಿಯೇ. ಇಷ್ಟು ವರ್ಷ ಹುಡುಕಿದ್ದು ತಾನಾಗಿ ಬಂದು ಅಂಗಡಿಯ ಗದ್ದುಗೆಯ ಮೇಲೆ ಕೂತಿತ್ತು.

“ಇದು ಎಲ್ಲಿಂದ ಬಂತು, ಯವ್ವಾ?” ಎಂದು ಕೇಳಿದೆ.

ಅವಳು ಹೇಳಿದಳು. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗ ಅಪ್ಪ ಲಡಾಯಿಗೆ ಹೋದವನು ತಿರುಗಿ ಬರಲಿಲ್ಲ. ಅಲ್ಲೇ ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಊರು ಆಡಿಕೊಂಡಿತು. ಲಡಾಯಿ ಮುಗಿದ ಮೇಲೆ ಅಂಚೆಯಲ್ಲಿ ಈ ಬಿಲ್ಲೆ ಬಂತು. ಜೊತೆಗಿದ್ದ ಇಂಗ್ಲಿಷ್ ಕಾಗದ ಓದುವವರು ಊರಲ್ಲಿ ಇರಲಿಲ್ಲ. ಅದನ್ನು ಗೆದ್ದಲು ತಿಂದಿತು. ಸರಕಾರ ದೇವಿಯನ್ನು ಕಳಿಸಿದೆ ಎಂದು ತಾಯಿ ಜಗಲಿಯ ಮೇಲೆ ಇಟ್ಟಳು. ಕುಂಕುಮ ಅಳಿಸದೆ, ಬಳೆ ತೆಗೆಯದೆ, ಮುತ್ತೈದೆಯಾಗಿಯೇ ಸತ್ತಳು.

“ಗಂಡ ಬರಲಿ ಅಂತ ದಿನಾ ಈ ದೇವಿಗೆ ಕೈ ಮುಗೀತಿದ್ದಳ್ರಿ. ನಂಗ ಅವನ ಹೆಸರ ಎತ್ತಿದ್ರ ಮೈ ಉರೀತೈತಿ.”

ನನ್ನ ಖುಷಿ ಅಲ್ಲಿಗೇ ಸತ್ತಿತು. ಸುಮ್ಮನೆ ಕರಗಿಸಿಕೊಟ್ಟಿದ್ದರೆ ಅವಳು ಅಪ್ಪನನ್ನು ಶಪಿಸುತ್ತಲೇ ಕಣ್ಣು ಮುಚ್ಚುತ್ತಿದ್ದಳು. ಹುಣಸೆಹಣ್ಣು ನೆನೆಸಿ, ಸಿಂಹದ ತಲೆಯ ಮೇಲಿನ ಚೌಕವನ್ನು ಮೆಲ್ಲಗೆ ತಿಕ್ಕಿದೆ. ಕುಂಕುಮದ ಪದರು ಕೆಂಪು ನೀರಾಗಿ ಇಳಿಯಿತು. ಅಕ್ಷರಗಳು ಎದ್ದವು.

“ನಿಮ್ಮ ಅಪ್ಪನ ಹೆಸರೇನು?”

ಮುಖ ತಿರುಗಿಸಿಕೊಂಡು ಹೇಳಿದಳು. ನನ್ನ ಬೆರಳ ಕೆಳಗೂ ಅದೇ ಹೆಸರಿತ್ತು.

ಇದು ದೇವಿಯಲ್ಲ, ನಿಮ್ಮ ಅಪ್ಪ ಲಡಾಯಿಯಲ್ಲೇ ಸತ್ತನೆಂದು ಸರಕಾರ ಕಳಿಸಿದ ಗುರುತು ಎಂದು ಹೇಳಿದೆ. ಅವಳು ಅಳಲಿಲ್ಲ. ಎಲ್ಲಿದೆ ಹೆಸರು ಎಂದು ಕೇಳಿ, ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳು ಆಡಿಸಿದಳು.

“ಹಂಗಾರ ನಮ್ಮವ್ವ ಇವನ ಮುಂದ ಕುಂತು, ಇವ ಬರಲಿ ಅಂತ ಬೇಡಕೊಂಡಳಲ್ಲೋ ತಮ್ಮಾ” ಎಂದಳು. ಆಮೇಲೆ, “ಅಪ್ಪನ ಬಗ್ಗೆ ಹಂಗ ಆಡಿದವರಿಗೆ ಹೇಳಬೇಕಂದ್ರ ಒಬ್ಬರೂ ಉಳದಿಲ್ಲ” ಎಂದಳು.

ಬಿಲ್ಲೆಯನ್ನು ನನಗೆ ಕೊಡಿ ಎನ್ನುವ ಮಾತು ನಾಲಿಗೆಗೆ ಬರಲೇ ಇಲ್ಲ. ಕುಲುಮೆಯ ಕಡೆ ಹೊರಟಿದ್ದ ಅಪ್ಪ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಪಾಟಿನಿಂದ ಪುಟ್ಟದೊಂದು ದೇವಿಯ ಮೂರ್ತಿ ತೆಗೆದು ಅವಳ ಸೆರಗಿಗೆ ಹಾಕಿದರು. ಅವತ್ತಿನಿಂದ ನನ್ನ ಬಿಲ್ಲೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಾವಿನ ಸುದ್ದಿ ಮೊದಲೇ ಏಕೆ ಮುಟ್ಟಲಿಲ್ಲ ಎಂದು ನಾನು ಆಮೇಲೆ ಎಷ್ಟೋ ಕಡೆ ವಿಚಾರಿಸಿದೆ, ತಿಳಿಯಲಿಲ್ಲ.

ಆ ವರ್ಷ ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ನನ್ನನ್ನು ಉಗರಗೋಳಕ್ಕೆ ಕರೆದಳು. ಜಗಲಿಯ ಮೇಲೆ ನಮ್ಮ ಅಂಗಡಿಯ ದೇವಿ ಇತ್ತು. ಬಿಲ್ಲೆಯನ್ನು ಕೆಳಗಿಳಿಸಿ, ತೊಳೆದು, ಅವ್ವನ ಸೀರೆಯ ಪಕ್ಕದಲ್ಲಿ ಹೊಸ ಧೋತರದ ಮೇಲೆ ಇಟ್ಟಿದ್ದಳು. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ ಬಡಿಸಿ, ಅದರ ಮುಂದೆ ಕೂತಳು.

“ಉಣ್ಣಪಾ” ಎಂದಳು. “ಇನ್ನ ನೀ ಬರೂದ ಬ್ಯಾಡ. ಅವ್ವಾನ ನಿನ್ನ ಕಡೆ ಬಂದಾಳ.”